ದುಮಾನನ ದವಡೆ

ಯಾಸಿಪಿನಾರ್ ಹಳ್ಳಿ, ಸಿವಾಸ್
2 ಜೂನ್ 1979

ತಮ್ಮಾ ದುರ್ಸುನ್,

ಮೊದಲು ನಿನ್ನ ಎರಡೂ ಕಣ್ಣಿಗೆ ಮುತ್ತು. ನಾನು ಚೆನ್ನಾಗಿದ್ದೇನೆ. ಮಾಡು ಸೋರುತ್ತಿಲ್ಲ. ಏಪ್ರಿಕಾಟ್ ಮರ ಈ ಸಲ ಹೂ ಉದುರಿಸದೆ ಕಾಯಿ ಕಚ್ಚಿದೆ. ಇಷ್ಟೊಂದು ಒಳ್ಳೆಯ ಸುದ್ದಿ ಒಟ್ಟಿಗೆ ಬರೆದರೆ ನಿನಗೆ ಅನುಮಾನ ಬರುತ್ತದೆ ಎಂದು ಗೊತ್ತು. ಸರಿ, ಕೇಳು. ದುಮಾನ್‌ಗೆ ಪೆಟ್ಟಾಗಿದೆ. ಬದುಕಿದೆ, ಮೊದಲು ಅದನ್ನು ಓದಿಕೋ.

ಹಿಂಡು ಬೇಸಿಗೆ ಕಳೆಯಲು ಬೆಟ್ಟದ ಮೇಲಿನ ಯಾಯ್ಲಾ ಹುಲ್ಲುಗಾವಲಿಗೆ ಹೊರಡುವ ಹಿಂದಿನ ದಿನ ತೋಳ ಬಂದಿತ್ತು. ಗದ್ದಲದಲ್ಲಿ ನಾಯಿಯ ಕೆಳದವಡೆ ಮುರಿಯಿತು. ವೆಲಿ ಚಿಕ್ಕಪ್ಪ ಮತ್ತು ನಾನು ಅದನ್ನು ಕಂಬಳಿಯಲ್ಲಿ ಸುತ್ತಿ, ಟ್ರ್ಯಾಕ್ಟರಿನ ಹಿಂದೆ ಮಲಗಿಸಿಕೊಂಡು ಪಟ್ಟಣದ ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ನಿಹಾತ್ ಬೇ ಅಂತ, ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಆದರೆ ಕೈ ನಡುಗಲಿಲ್ಲ. ಮಂಪರು ಮದ್ದು ಕೊಟ್ಟು, ಮುರಿದ ಹಲ್ಲು ಕಿತ್ತು, ದವಡೆಗೆ ತಂತಿ ಕಟ್ಟಿದರು.

"ಎಲುಬು ಕೂಡುತ್ತಮ್ಮ, ಅದರ ಚಿಂತೆ ಬೇಡ," ಅಂದರು. "ಕೂಡೋವರೆಗೆ ಹೊಟ್ಟೆಗೇನು ಹೋಗುತ್ತೆ ಅನ್ನೋದೇ ಚಿಂತೆ. ಎಲ್ಲ ನೀರಾಗಿರ್ಲಿ, ಬೆಚ್ಚಗಿರ್ಲಿ. ಎಲುಬು, ಒಣರೊಟ್ಟಿ ಕಣ್ಣಿಗೂ ಕಾಣಿಸ್ಬೇಡಿ. ತಿಂದ ಮೇಲೆ ಉಪ್ಪುನೀರಲ್ಲಿ ಬಾಯಿ ತೊಳೀರಿ." ಸೂಜಿಯಿಲ್ಲದ ದೊಡ್ಡ ಸಿರಿಂಜೊಂದನ್ನು ಕೈಗೆ ಕೊಟ್ಟರು.

ಹಿಂಡನ್ನು ಕರೆದುಕೊಂಡು ಚಿಕ್ಕಪ್ಪ ಮೇಲೆ ಹೋದರು. ನಾಯಿ ನನ್ನ ಪಾಲಿಗೆ ಉಳಿಯಿತು. ನಾಯಿಗೆ ಹಾಕುವ ಬಾರ್ಲಿ ಹಿಟ್ಟಿನ ಗಂಜಿ, ಯಾಲ್, ಕಾಯಿಸಿ, ಹಾಲೊಡಕಿನಲ್ಲಿ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಇಟ್ಟೆ. ಮೂಸಿಯೂ ನೋಡಲಿಲ್ಲ. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತಿಂಗಳೇ ನೀನು ಸೈನ್ಯಕ್ಕೆ ಹೊರಟೆ. ನಿನ್ನ ನಾಯಿಗೆ ನಾನಿನ್ನೂ ಹೊಸಬಳು. ಅದಕ್ಕೆ ಏನು ಇಷ್ಟ, ಹೇಗೆ ಕೊಡುತ್ತಿದ್ದೆ, ಬೇಗ ಬರಿ.

ನಿನ್ನ ಅಕ್ಕ
ಎಲ್ಮಾಸ್


ಎದಿರ್ನೆ ಬ್ಯಾರಕ್
9 ಜೂನ್ 1979

ಅಕ್ಕಾ,

ನಿನ್ನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುತ್ತೇನೆ. ನಿನ್ನ ಪತ್ರ ಬಂದಾಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಬೂಟಿಗೆ ಪಾಲಿಶ್ ಹಾಕುತ್ತಾ ಹಾಕುತ್ತಾ ಒಂದೇ ಬೂಟಿಗೆ ಮೂರು ಸಲ ಹಾಕಿದ್ದೇನೆ, ಇನ್ನೊಂದು ಹಾಗೇ ಇದೆ, ಅದಕ್ಕೆ ಬೈಸಿಕೊಂಡೂ ಆಯಿತು.

ತೋಳ ಒಂದೇ ಇತ್ತಾ, ಜೋಡಿಯಾ? ಮುಳ್ಳಿನ ಕೊರಳಪಟ್ಟಿ ಹಾಕಿದ್ದರಾ? ತೋಳಕ್ಕೆ ಏನಾಯಿತು? ಇದನ್ನೇ ಬರೆದಿಲ್ಲವಲ್ಲ ನೀನು. ಇಲ್ಲಿ ಇಡೀ ಬ್ಯಾರಕ್ಕಿಗೆ ಹೇಳಿದ್ದೇನೆ. ಇಜ್ಮಿರಿನ ಹುಡುಗರು ಬೆಕ್ಕನ್ನು ಬಿಟ್ಟು ಬೇರೆ ಪ್ರಾಣಿ ಕಂಡವರಲ್ಲ, ಬಾಯಿ ತೆರೆದುಕೊಂಡು ಕೇಳಿದರು.

ಈಗ ಯಾರಿಗೂ ಹೇಳದ ಒಂದು ಗುಟ್ಟು ಹೇಳುತ್ತೇನೆ. ಪಕ್ಕದ ಮನೆಯ ಫಾದಿಮೆಯ ಕಿವಿಗಂತೂ ಬೀಳಕೂಡದು. ಕುರಿಗಳ್ಳರು ವಿಷ ಹಾಕಿದ ಮಾಂಸ ಎಸೆಯುತ್ತಾರೆ ಎಂದು ದುಮಾನ್ ಮರಿಯಾಗಿದ್ದಾಗಲೇ ಅವನಿಗೆ ಒಂದು ಮಾತು ಕಲಿಸಿದೆ. ಆ ಮಾತು ಕೇಳದೆ ಅವನು ಯಾರ ಕೈಯಿಂದಲೂ ತಿನ್ನುವುದಿಲ್ಲ. ಬಕೆಟ್ಟು ಇಟ್ಟು, "ದುಮಾನ್, ನಿನ್ನ ಹಕ್ಕು. ತಗೋ," ಅನ್ನಬೇಕು. ಅಷ್ಟೇ. ನನ್ನ ಕುರಿಚರ್ಮದ ಕೋಟು ಅಟ್ಟದಲ್ಲಿದೆ, ಹೊದ್ದುಕೊಂಡು ಹೇಳು. ನನ್ನ ವಾಸನೆ ಬರಲಿ.

ಅವನು ನನಗಾಗಿ ಉಪವಾಸ ಕೂತಿದ್ದಾನೆ, ಅಕ್ಕಾ. ನನಗೆ ಗೊತ್ತು.

ದುರ್ಸುನ್


ಯಾಸಿಪಿನಾರ್
14 ಜೂನ್ 1979

ತಮ್ಮಾ,

ಕೋಟು ಹೊದ್ದೆ, ಈ ಬಿಸಿಲಲ್ಲಿ. ಫಾದಿಮೆ ಗೋಡೆಯಾಚೆಯಿಂದ ಕತ್ತು ಚಾಚಿ, "ಏನೇ ಎಲ್ಮಾಸ್, ತಮ್ಮನ ಹಿಂದೆ ನೀನೂ ಸೈನ್ಯಕ್ಕೆ ಸೇರಿದ್ಯಾ?" ಅಂದಳು. ಅವಳು ಒಳಗೆ ಹೋಗುವವರೆಗೆ ಕಾದು, ನೀನು ಹೇಳಿಕೊಟ್ಟ ಮಾತನ್ನು ಹೇಳಿದೆ. ನಾಯಿಯ ಕಿವಿ ನೆಟ್ಟಗಾಯಿತು. ನನ್ನನ್ನು ನೋಡಿತು, ನನ್ನ ಹಿಂದಿನ ಬಾಗಿಲನ್ನು ನೋಡಿತು, ಮತ್ತೆ ಕಾಲ ಮೇಲೆ ತಲೆ ಹಾಕಿತು. ಯಾಲ್ ಆರಿ ಕೆನೆ ಕಟ್ಟಿತು.

ಸಿರಿಂಜಿನಲ್ಲಿ ಹಾಕುತ್ತಿದ್ದೇನೆ. ಮೊದಲ ಸಲ ಕುರಿಮರಿಗೆ ಹಾಲು ಕುಡಿಸುವ ಹಾಗೆ ತಲೆ ಎತ್ತಿ ಹಿಡಿದುಬಿಟ್ಟೆ. ಶ್ವಾಸಕ್ಕೆ ಹೋಯಿತು. ಕೆಮ್ಮಿ ಕೆಮ್ಮಿ ಅದರ ಕಣ್ಣು ಮೇಲಾದದ್ದು ನೋಡಿ, ಕೊಂದೇಬಿಟ್ಟೆ ಎಂದು ಕುಸಿದು ಕೂತೆ. ಪಟ್ಟಣಕ್ಕೆ ಓಡಿಹೋಗಿ ನಿಹಾತ್ ಬೇ ಅವರನ್ನು ಕೇಳಿದರೆ, "ತಲೆ ನೆಲಕ್ಕೆ ಸಮವಾಗಿರ್ಬೇಕಮ್ಮ. ಪಕ್ಕದಿಂದ ತುಟಿ ಎಳೆದ್ರೆ ಜೇಬಿನ ಹಾಗಾಗುತ್ತಲ್ಲ, ಅಲ್ಲಿಗೆ ಹಾಕಿ. ಒಂದು ಗುಟುಕು ಹಾಕಿ ನಿಲ್ಸಿ. ಗಂಟಲು ಅಲುಗಿದ ಮೇಲೆ ಇನ್ನೊಂದು," ಅಂದರು. ಈಗ ಪಕ್ಕದಲ್ಲಿ ಕೂತು ಹಾಗೇ ಮಾಡುತ್ತೇನೆ. ಗಂಟಲು ನೀವುತ್ತಾ ಕಾಯುತ್ತೇನೆ. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಲಂಗಕ್ಕೆ.

ನೀರು ಅದಕ್ಕಿಂತ ಕಷ್ಟ. ಬಡಗಣ ಕಮರಿಯಲ್ಲಿ ಇನ್ನೂ ಹಿಮ ಉಳಿದಿದೆ. ಹೋಗಿ ಬುಟ್ಟಿಯಲ್ಲಿ ತಂದು, ಚಿಟಿಕೆ ಚಿಟಿಕೆಯಾಗಿ ತುಟಿಯೊಳಗೆ ಇಡುತ್ತೇನೆ. ಕರಗಿದ್ದನ್ನು ನುಂಗುತ್ತದೆ. ಊತಕ್ಕೂ ಹಿತವಾಗುತ್ತದೆ ಎಂದು ಕಾಣುತ್ತದೆ, ಆಗ ಮಾತ್ರ ಕಣ್ಣು ಮುಚ್ಚುತ್ತದೆ.

ಫಾದಿಮೆ ಸುಮ್ಮನಿರುವವಳಲ್ಲ. "ನಾಯಿ ಜೊಲ್ಲು ಮೈಗೆಲ್ಲ ಮೆತ್ಕೊಂಡು ನಮಾಜಿಗೆ ನಿಲ್ತೀಯಲ್ಲ, ದೇವದೂತರು ನಿನ್ನ ಹೊಸಿಲು ದಾಟ್ತಾರಾ?" ಅಂತ ಕೇಳಿದಳು. "ಹೊಸಿಲಲ್ಲೇ ದುಮಾನ್ ಮಲಗಿದೆ, ಕಾಲು ನೋಡ್ಕೊಂಡು ದಾಟೋಕೆ ಹೇಳು," ಅಂದೆ. ಆದರೂ ಪ್ರತಿ ಸಲ ಸ್ನಾನ ಮಾಡಿ ಮಾಡಿ ನನ್ನ ಚರ್ಮ ಸುಲಿಯುತ್ತಿದೆ.

ಈಗ ಮುಖ್ಯ ಮಾತು. ಬರೀ ಸಿರಿಂಜಿನಿಂದ ಇಷ್ಟು ದೊಡ್ಡ ನಾಯಿ ಬದುಕುವುದಿಲ್ಲ. ಪಕ್ಕೆಲುಬು ಎದ್ದು ಕಾಣುತ್ತಿವೆ. ತಾನಾಗಿ ತಟ್ಟೆಗೆ ಬಾಯಿ ಹಾಕಲೇಬೇಕು ಎಂದು ಡಾಕ್ಟರೂ ಹೇಳುತ್ತಾರೆ. ಚೀಸ್ ತರುವ ಟ್ರಕ್ಕಿನವನ ಬಾಯಲ್ಲಿ ಚಿಕ್ಕಪ್ಪ ಹೇಳಿ ಕಳಿಸಿದ್ದಾರೆ: "ಈ ತಿಂಗಳ ಕೊನೇ ಗುರುವಾರ ಕುರಿಗಳಿಗೆ ಉಪ್ಪು ತಗೊಂಡು ಹೋಗೋಕೆ ಬರ್ತೀನಿ. ಅಷ್ಟರಲ್ಲಿ ತಾನಾಗಿ ತಿಂದ್ರೆ ಸರಿ. ಇಲ್ಲ ಅಂದ್ರೆ ಬಂದೂಕು ತರ್ತೀನಿ. ಹಸ್ಕೊಂಡು ಸಾಯೋದನ್ನ ನೋಡೋಕೆ ನನ್ನ ಕೈಲಾಗಲ್ಲ." ಅವರು ಕೆಟ್ಟವರಲ್ಲ, ಅದೇ ಹೆದರಿಕೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ನೀನು ಅದಕ್ಕೆ ಯಾವ ಹೊತ್ತಿಗೆ ಊಟ ಹಾಕುತ್ತಿದ್ದೆ?

ಇನ್ನೊಂದು. ತೋಳ ಬಂದಿರಲಿಲ್ಲ. ಒದ್ದದ್ದು ಚಿಕ್ಕಪ್ಪನ ಹೇಸರಗತ್ತೆ. ಹೇಸರಗತ್ತೆಯ ಕೈಯಲ್ಲಿ ಒದೆ ತಿಂದ ನಾಯಿ ಎಂದು ಬರೆದರೆ ಅಲ್ಲಿ ನಿನ್ನ ತಲೆ ತಗ್ಗುತ್ತದೆ ಎನಿಸಿತು. ನೀನು ಊರೆಲ್ಲ ಸಾರುತ್ತೀಯ ಎಂದು ಎಣಿಸಿರಲಿಲ್ಲ.

ಎಲ್ಮಾಸ್


ಎದಿರ್ನೆ
20 ಜೂನ್ 1979

ಅಕ್ಕಾ,

ಹೇಸರಗತ್ತೆ. ಸರಿ. ಇಲ್ಲಿ ತೋಳವೇ ಇರಲಿ, ಇನ್ನು ಅದನ್ನು ಬದಲಿಸಲು ಆಗುವುದಿಲ್ಲ, ನಿನ್ನೆ ತಾನೇ ಎರಡನೆಯ ತೋಳವನ್ನೂ ಸೇರಿಸಿದ್ದೇನೆ.

ನೀನು ಆ ಮಾತನ್ನು ತಪ್ಪಾಗಿ ಹೇಳಿದ್ದೀಯ. ನಿನ್ನ ದನಿ ನನಗೆ ಗೊತ್ತಿಲ್ಲವೇ? "ತಿನ್ನಪ್ಪಾ, ನನ್ನ ರಾಜಾ," ಅನ್ನುವ ಹಾಗೆ ಗೋಗರೆದಿರುತ್ತೀಯ. ಅದು ಮುದ್ದಿನ ಮಾತಲ್ಲ. ದಿನವಿಡೀ ದುಡಿದವನಿಗೆ ಅವನ ಕೂಲಿ ಮುಂದಿಟ್ಟು ಹೇಳುವ ಹಾಗೆ ಹೇಳಬೇಕು. ಅವನು ಭಿಕ್ಷೆ ತಿನ್ನುವ ನಾಯಿಯಲ್ಲ. ನೀನು ಮುದ್ದು ಮಾಡಿ ಕೊಲ್ಲುತ್ತೀಯ, ಚಿಕ್ಕಪ್ಪ ಕನಿಕರದಿಂದ ಕೊಲ್ಲುತ್ತಾರೆ, ನಾನು ಇಲ್ಲಿ ಧ್ವಜಕ್ಕೆ ಸಲಾಮು ಹೊಡೆಯುತ್ತಾ ನಿಂತಿರಬೇಕು.

ಕ್ಯಾಪ್ಟನ್ ಹತ್ತಿರ ರಜೆ ಕೇಳಿದೆ. "ನಾಯಿಗೆ ರಜೆಯಾ? ನಾಳೆ ಕೋಳಿಗೆ ನೆಗಡಿ ಅಂತ ಬರ್ತೀರಿ. ನಡಿ," ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಇರಲಿ. ಬೇರೆ ದಾರಿ ಹುಡುಕಿದ್ದೇನೆ. ಏನು ಎಂದು ಕೇಳಬೇಡ. ಯಾರಾದರೂ ನಿನ್ನ ಆರೋಗ್ಯ ವಿಚಾರಿಸಿದರೆ ಮಾತ್ರ, ಚೆನ್ನಾಗಿಲ್ಲ ಅನ್ನು.

ಯಾವ ಹೊತ್ತಿಗೆ ಊಟ ಎಂದು ಕೇಳಿದ್ದೀಯ. ಸಂಜೆ, ಕುರಿಗಳೆಲ್ಲ ದೊಡ್ಡಿ ಸೇರಿ ಬಾಗಿಲು ಹಾಕಿದ ಮೇಲೆ. ಇನ್ಯಾವಾಗ ಹಾಕುತ್ತಾರೆ? ಇಂಥದ್ದನ್ನೆಲ್ಲ ಕೇಳುತ್ತಾ ಹೊತ್ತು ಕಳೆಯಬೇಡ. ದನಿ ಸರಿ ಮಾಡಿಕೋ.

ದುರ್ಸುನ್


ಯಾಸಿಪಿನಾರ್
24 ಜೂನ್ 1979

ದುರ್ಸುನ್,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಕೈ ತಡೆಯುತ್ತಿಲ್ಲ.

ಟ್ರಕ್ಕಿನವನ ಮೂಲಕ ಚಿಕ್ಕಪ್ಪನನ್ನು ಕೇಳಿಸಿದೆ, ದುಮಾನ್‌ಗೆ ಊಟ ಇಡುವಾಗ ಏನು ಹೇಳುತ್ತಿದ್ದಿರಿ ಎಂದು. "ಏನು ಹೇಳ್ಬೇಕು? ಬಕೆಟ್ಟು ಇಡ್ತೀನಿ, ತಿನ್ನುತ್ತೆ. ನಾಯಿ ಮುಂದೆ ಭಾಷಣ ಮಾಡೋಕೆ ನನಗೇನು ಬೇರೆ ಕೆಲಸ ಇಲ್ವಾ?" ಅಂತ ಉತ್ತರ ಬಂತು. ಬೇಜಾರು ಮಾಡಿಕೊಳ್ಳಬೇಡ. ನೀನು ಹೋದಾಗಿನಿಂದ ಅದು ನಿನ್ನ ಮಾತಿಲ್ಲದೆಯೇ ಉಂಡಿದೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ದಿನವೂ ಬಿಸಿಲು ಇಳಿಯುವಾಗ ಅದು ಎದ್ದು, ಕಾಲೆಳೆದುಕೊಂಡು ದೊಡ್ಡಿಯ ಬಾಗಿಲಿಗೆ ಹೋಗುತ್ತದೆ. ಖಾಲಿ ದೊಡ್ಡಿಯನ್ನು ಇಣುಕಿ ನೋಡುತ್ತದೆ. ಹಿಂದೆ ಬಂದು ಗುಡ್ಡದ ಕಡೆ ಮುಖ ಹಾಕಿ ಮಲಗುತ್ತದೆ. ನಿನ್ನ ದಾರಿ ಕಾಯುತ್ತಿದೆ ಎಂದೇ ನಾನೂ ನಂಬಿದ್ದೆ, ನೀನು ಹಾಗೆ ಬರೆದಿದ್ದೆಯಲ್ಲ. ಮೊನ್ನೆ ಅದರ ಪಕ್ಕ ಕೂತು ನಾನೂ ಖಾಲಿ ದೊಡ್ಡಿಯನ್ನು ನೋಡಿದೆ. ಹುಟ್ಟಿದಾಗಿನಿಂದ ಈ ನಾಯಿ ಕುರಿಯಿಲ್ಲದ ಸಂಜೆಯನ್ನೇ ಕಂಡಿಲ್ಲ. ಕುರಿಗಳು ಇನ್ನೂ ಮನೆ ಸೇರಿಲ್ಲ ಎಂದೇ ಅದರ ಲೆಕ್ಕ. ಕೆಲಸ ಮುಗಿಯದೆ ಹೇಗೆ ಉಣ್ಣುತ್ತದೆ? ನಾನು ಬೆಳಿಗ್ಗೆ, ಮಧ್ಯಾಹ್ನ, ಕಂಡ ಕಂಡ ಹೊತ್ತಿಗೆ ತಟ್ಟೆ ಒಡ್ಡುತ್ತಿದ್ದೆ.

ಫಾದಿಮೆಯ ಮನೆಯಲ್ಲಿ ಒಂದು ಕುಂಟುಕುರಿಯೂ ತಡವಾಗಿ ಹುಟ್ಟಿದ ಎರಡು ಮರಿಗಳೂ ಉಳಿದಿದ್ದವು. ಕೇಳಿದರೆ, "ನಾಯಿಗೆ ನೆಂಟರನ್ನ ಕರೆಸ್ತಾ ಇದೀಯಾ?" ಅಂದಳು. ಆದರೂ ಕೊಟ್ಟಳು, ತಾನೇ ಕೋಲು ಹಿಡಿದು ಬಂದಳು. ಇಬ್ಬರೂ ಅವನ್ನು ಗುಡ್ಡದ ಬುಡದವರೆಗೆ ಹೊಡೆದುಕೊಂಡು ಹೋಗಿ, ಹಿಂಡು ಬರುವ ದಾರಿಯಲ್ಲೇ ಕರೆತಂದೆವು. ದುಮಾನ್ ಎದ್ದು ನಿಂತ. ಒಂದೊಂದನ್ನೂ ಮೂಸಿದ. ಕುಂಟುಕುರಿ ಹಿಂದೆ ಬಿದ್ದರೆ ಅದರ ಹಿಂದೆ ತಾನೂ ನಿಂತು ನಿಂತು ನಡೆದ. ನಾನು ಬಾಗಿಲು ಹಾಕಿ ಸರಪಳಿ ಎಳೆದೆ. ಅಗಲವಾದ ತಟ್ಟೆಯಲ್ಲಿ ಬೆಚ್ಚಗಿನ ಯಾಲ್ ಇಟ್ಟೆ.

ಬಂದ. ಬಾಯಿ ತೆರೆಯಲು ಆಗುವುದಿಲ್ಲವಲ್ಲ, ನಾಲಿಗೆಯ ತುದಿಯಷ್ಟೇ ಹೊರಗೆ ಹಾಕಿ ನೆಕ್ಕಿದ. ಅರ್ಧ ಪಕ್ಕದಿಂದ ಸೋರಿತು. ನಿಂತು ಉಸಿರು ತೆಗೆದುಕೊಂಡು ಮತ್ತೆ ನೆಕ್ಕಿದ. ಫಾದಿಮೆ ತಲೆವಸ್ತ್ರದಲ್ಲಿ ಮೂಗು ಒರೆಸಿಕೊಂಡು ಧೂಳು ಎಂದಳು. ನಾನು ಅತ್ತೆ, ಧೂಳು ಗೀಳು ಎನ್ನಲಿಲ್ಲ.

ಒಂದು ವಿಚಿತ್ರ. ನಿನ್ನೆ ಊರ ಮುಖ್ಯಸ್ಥರು ಮನೆಗೆ ಬಂದು ನನ್ನ ಮುಖವನ್ನೇ ನೋಡುತ್ತಾ ನಿಂತರು. "ಬಾಯಿ ತೆರೆಯೋಕೆ ಆಗ್ತಾ ಇದೆಯೇನಮ್ಮ? ದುರ್ಸುನ್‌ನ ಬ್ಯಾರಕ್ಕಿನಿಂದ ಫೋನು ಬಂದಿತ್ತು," ಅಂದರು. ಏನೂ ಅರ್ಥವಾಗಲಿಲ್ಲ. ಆದರೆ ನಿನ್ನ ಹೆಸರು ಕೇಳಿದ ಮೇಲೆ ತಲೆವಸ್ತ್ರದ ಅಂಚನ್ನು ಮೂಗಿನವರೆಗೆ ಎಳೆದುಕೊಂಡು ಬರೀ ಹೂಂಗುಟ್ಟಿದೆ. "ಪಾಪ," ಅಂದುಕೊಂಡು ಹೋದರು. ಇದೇನು ಎಂದು ನೀನೇ ಹೇಳಬೇಕು.

ಇನ್ನು ಗುರುವಾರ. ಅವನು ಉಣ್ಣುತ್ತಿದ್ದಾನೆ ಎಂದು ಟ್ರಕ್ಕಿನವನಿಗೆ ಹೇಳಿದೆ. "ಹೆಂಗಸರು ಹಾಗೇ ಹೇಳ್ತಾರೆ, ನಾನೇ ಕಣ್ಣಾರೆ ನೋಡ್ತೀನಿ," ಎಂದು ಚಿಕ್ಕಪ್ಪ ಹೇಳಿದ್ದಾರಂತೆ.

ಎಲ್ಮಾಸ್


ಯಾಸಿಪಿನಾರ್
30 ಜೂನ್ 1979

ದುರ್ಸುನ್,

ನಿನ್ನಿಂದ ಆಮೇಲೆ ಪತ್ರವೇ ಇಲ್ಲ. ಸಿಟ್ಟು ಬಂದಿದೆಯಾ? ಇಪ್ಪತ್ತನೆಯ ತಾರೀಖಿನದು ಮೊನ್ನೆ ತಲುಪಿತು. ಸಂಜೆ ಕುರಿ ಸೇರಿದ ಮೇಲೆ ಊಟ ಎನ್ನುವುದನ್ನು ಕೊನೆಯಲ್ಲಿ, ಅದೂ ಬೈಯುತ್ತಾ ಬರೆದಿದ್ದೀಯ. ಗುಟ್ಟಿನ ಮಾತಿಗೆ ಅರ್ಧ ಹಾಳೆ ಕೊಟ್ಟವನು ಇದನ್ನು ಮೊದಲೇ ಬರೆದಿದ್ದರೆ ಆ ನಾಯಿ ಅಷ್ಟು ಸೊರಗುತ್ತಿರಲಿಲ್ಲ. ನಿನ್ನ ಕಿವಿ ಹಿಂಡಬೇಕು.

ಗುರುವಾರದ ಸಂಜೆ ಏನಾಯಿತು ಎಂದು ಹೇಳುತ್ತೇನೆ.

ಚಿಕ್ಕಪ್ಪ ಬಂದರು. ಬಂದೂಕನ್ನು ದೊಡ್ಡಿಯ ಗೋಡೆಗೆ ಒರಗಿಸಿ ಕಲ್ಲಿನ ಮೇಲೆ ಕೂತರು. ನಾನು ಕುರಿಗಳನ್ನು ಸೇರಿಸಿ, ಸರಪಳಿ ಎಳೆದು, ತಟ್ಟೆ ಇಟ್ಟೆ. ದುಮಾನ್ ಬಂದು ಎರಡು ಸಲ ನೆಕ್ಕಿದ. ಅಷ್ಟರಲ್ಲಿ ತಟಕ್ಕನೆ ತಲೆ ಎತ್ತಿದ. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ತಟ್ಟೆ ಬಿಟ್ಟು ಗೋಡೆಯ ಕೊನೆಯವರೆಗೆ ಹೋಗಿ, ಕಟ್ಟಿದ ಬಾಯೊಳಗಿನಿಂದ ಒಂದು ಸದ್ದು ಮಾಡಿದ. ಅಂಥ ಸದ್ದನ್ನು ಅವನಿಂದ ನಾನು ಕೇಳಿಯೇ ಇರಲಿಲ್ಲ. ತೋಳವೇನೋ ಎಂದು ನೋಡಿದರೆ ಗುಡ್ಡದಲ್ಲಿ ಏನೂ ಕಾಣಲಿಲ್ಲ.

ಚಿಕ್ಕಪ್ಪ ಎದ್ದರು. "ನೋಡಿದ್ಯಾ? ಮತ್ತೆ ಬಿಟ್ಟ. ಇದು ಆ ಹುಡುಗನ ಕೈಯಿಂದ ಅಲ್ಲದೆ ತಿನ್ನಲ್ಲ ಕಣೇ. ಹುಡುಗ ನಾಳೆ ಬಂದ್ರೂ ನಾಳಿದ್ದು ಹೋಗೋನು. ಎಷ್ಟು ಸಲ ಸಾಯ್ಬೇಕು ಇದು?" ಅಂದರು. ಅವರ ಕೈ ಬಂದೂಕಿನ ಮೇಲಿತ್ತು.

ಬೇಡಿಕೊಳ್ಳಬೇಕು ಎಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ಗೋಗರೆಯಲಿಲ್ಲ, ದುರ್ಸುನ್. ಸಂಜೆ ಕೂಲಿ ಕೊಡಲು ಕರೆಯುವ ಹಾಗೆ ಗಟ್ಟಿಯಾಗಿ ಅಂದೆ: "ದುಮಾನ್, ನಿನ್ನ ಹಕ್ಕು. ತಗೋ."

ಅವನು ಗುಡ್ಡವನ್ನು ನೋಡಿದ. ನನ್ನನ್ನು ನೋಡಿದ. ಎಷ್ಟು ಹೊತ್ತು ನಿಂತಿದ್ದನೋ ಗೊತ್ತಿಲ್ಲ. ಆಮೇಲೆ ತಿರುಗಿ ಬಂದು ತಳ ಕಾಣುವವರೆಗೆ ಕುಡಿದ. ತಟ್ಟೆ ಕಲ್ಲಿನ ಮೇಲೆ ಸರಿದು ಹೋಗುವಷ್ಟು ನೆಕ್ಕಿದ. ಚಿಕ್ಕಪ್ಪ ಬಂದೂಕು ಹೆಗಲಿಗೆ ಹಾಕಿಕೊಂಡು, ಉಪ್ಪಿನ ಚೀಲ ಎತ್ತಿಕೊಂಡು, "ಯಾಲ್ ಸ್ವಲ್ಪ ಗಟ್ಟಿ ಮಾಡು, ಬರೀ ನೀರು ಕುಡಿಸ್ತೀಯಾ?" ಎಂದು ನನ್ನನ್ನೇ ಗದರಿ ಹೋದರು.

ಬೆಳಿಗ್ಗೆ ಗುಡ್ಡ ಹತ್ತಿ ನೋಡಿದೆ. ಬಂಡೆಯ ಹಿಂದೆ ಒಂದಾಳು ಉದ್ದಕ್ಕೆ ಹುಲ್ಲು ಮಲಗಿತ್ತು. ಯಾರೋ ಕುರಿಗಳ್ಳ ಹೊಂಚು ಹಾಕಿ ಮಲಗಿದ್ದಿರಬೇಕು. ದೊಡ್ಡಿಗೆ ಬೀಗ ಹಾಕಲು ಫಾದಿಮೆಗೂ ಹೇಳಿದ್ದೇನೆ.

ಎಲ್ಮಾಸ್


ಎದಿರ್ನೆ
7 ಜುಲೈ 1979

ಅಕ್ಕಾ,

ನಿನ್ನ ಕೈಗೆ ಮುತ್ತು. ನಿನ್ನ ಎರಡೂ ಪತ್ರಗಳು ಒಟ್ಟಿಗೆ ಸಿಕ್ಕವು. ಮೊದಲನೆಯದು ಬಂದಾಗ ನಾನು ಇಲ್ಲಿರಲಿಲ್ಲ.

ಕಿವಿ ಹಿಂಡುವುದಿದ್ದರೆ ಎರಡನ್ನೂ ಹಿಂಡು. ನಾಯಿಗೆ ರಜೆ ಕೊಡುವುದಿಲ್ಲ ಎಂದಾಗ, ದುಮಾನ್‌ಗೆ ಆದದ್ದನ್ನೆಲ್ಲ ನಿನಗೆ ಆಯಿತು ಎಂದು ಹೇಳಿದೆ. ಅಕ್ಕನ ದವಡೆ ಮುರಿದಿದೆ, ತಂತಿ ಕಟ್ಟಿದ್ದಾರೆ, ಅನ್ನ ನೀರು ಇಳಿಯುತ್ತಿಲ್ಲ, ಹಿಮ ಕರಗಿಸಿ ಬಾಯಿಗೆ ಬಿಡುತ್ತಿದ್ದಾರೆ ಎಂದೆ. ನಿನ್ನ ಪತ್ರದಲ್ಲಿದ್ದದ್ದೇ, ಅದಕ್ಕೇ ಒಂದು ಮಾತೂ ತಡವರಿಸಲಿಲ್ಲ. ಕ್ಯಾಪ್ಟನ್ ಫೋನು ಮಾಡಿಸಿ ವಿಚಾರಿಸಿ, ರಜೆ ಬರೆದುಕೊಟ್ಟರು. ಈಗ ದಿನವೂ, "ಅಕ್ಕ ಈಗ ರೊಟ್ಟಿ ಅಗೀತಾರೇನಪ್ಪ?" ಎಂದು ಕೇಳುತ್ತಾರೆ. ಆ ಒಳ್ಳೆಯ ಮನುಷ್ಯನ ಮುಖ ನೋಡಲು ನನಗೆ ಆಗುತ್ತಿಲ್ಲ.

ಸಿವಾಸ್‌ವರೆಗೆ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ. ಅವನು ನನಗಾಗಿಯೇ ಊಟ ಬಿಟ್ಟಿದ್ದಾನೆ ಎಂದು ಎದೆ ಬೇಯುತ್ತಿತ್ತು, ಆದರೆ ನಿಜ ಹೇಳಬೇಕೆಂದರೆ ಆ ಸಂಕಟದೊಳಗೆ ಒಂದು ಹೆಮ್ಮೆಯೂ ಇತ್ತು. ಊರವರ ಕಣ್ಣಿಗೆ ಬೀಳಬಾರದೆಂದು ಹಿಂದಿನ ದಾರಿಯಲ್ಲಿ ಗುಡ್ಡ ಹತ್ತಿದೆ. ಕೆಳಗೆ ನೋಡಿದರೆ ಫಾದಿಮೆಯ ಕುಂಟುಕುರಿ, ಎರಡು ಮರಿ, ಹಿಂದೆ ನನ್ನ ದುಮಾನ್. ನೀನು ಸರಪಳಿ ಎಳೆದೆ. ಅವನು ತಟ್ಟೆಗೆ ಬಾಯಿ ಹಾಕಿದ. ನಾನು ಬೇಕೇ ಇರಲಿಲ್ಲ. ಅದು ನನಗೆ ಎಷ್ಟು ನೋವು ಮಾಡಿತು ಎಂದರೆ, ಅವನು ಬದುಕಿದ ಎನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಗ ಗಾಳಿ ನನ್ನ ಬೆನ್ನ ಹಿಂದಿನಿಂದ ಬೀಸಿತು. ಅವನು ತಲೆ ಎತ್ತಿದ. ಬಂಡೆಯ ಹಿಂದೆ ಮಕಾಡೆ ಬಿದ್ದೆ. ಹುಲ್ಲು ಮಲಗಿಸಿದವನು ನಾನೇ. ಚಿಕ್ಕಪ್ಪನ ದನಿ ಗೊತ್ತಲ್ಲ, ಒಂದೊಂದು ಮಾತೂ ಮೇಲಕ್ಕೆ ಕೇಳಿಸಿತು. ಎದ್ದು ನಿಂತು ಒಂದು ಸಿಳ್ಳೆ ಹಾಕಿದ್ದರೆ ಓಡಿ ಬರುತ್ತಿದ್ದ. ಬಂದಿದ್ದರೆ ಚಿಕ್ಕಪ್ಪ ಹೇಳಿದ್ದು ನಿಜವಾಗುತ್ತಿತ್ತು. ನಾನು ಮತ್ತೆ ಬಸ್ಸು ಹತ್ತಿದ ಮೇಲೆ ಅವನನ್ನು ಯಾರು ಉಣ್ಣಿಸುತ್ತಿದ್ದರು? ಮುಖಕ್ಕೆ ಮಣ್ಣು ಒತ್ತಿಕೊಂಡು ಉಸಿರು ಹಿಡಿದೆ. ಅವನ ಆ ಸದ್ದು ಕೇಳಿದೆ. ಅಕ್ಕಾ, ಅದನ್ನು ಕೇಳಿಯೂ ಏಳದೆ ಇದ್ದದ್ದು ನನ್ನ ಜೀವನದಲ್ಲೇ ಕಷ್ಟದ ಕೆಲಸ.

ನಿನ್ನನ್ನು ಮಾತನಾಡಿಸದೆ ಬಂದದ್ದಕ್ಕೆ ಕ್ಷಮಿಸು. ಕತ್ತಲಾದ ಮೇಲೆ ಇಳಿದು ಬರೋಣವೆಂದುಕೊಂಡೆ. ಅವನು ನಿನ್ನ ಹೊಸಿಲಲ್ಲೇ ಮಲಗಿದ್ದಾನೆ, ದಾಟುವುದು ಹೇಗೆ? ಫಾದಿಮೆಗೆ ಬೀಗ ತೆಗೆಯಲು ಹೇಳು.

ದನಿ ಸರಿ ಮಾಡಿಕೋ ಎಂದು ಬರೆದಿದ್ದೆ. ಆ ಸಂಜೆ ಬಂಡೆಯ ಹಿಂದೆ ಮಲಗಿ ನಿನ್ನ ದನಿಯನ್ನು ಕೇಳಿದೆ. ಅವನು ನನ್ನ ಕಡೆಗೆ ಬೆನ್ನು ಮಾಡಿ ನಿನ್ನ ಕಡೆ ನಡೆದದ್ದನ್ನು ನೋಡಿದೆ. ನೀನು ಸರಿಯಾಗಿಯೇ ಹೇಳಿದೆ, ಅಕ್ಕಾ.

ದುರ್ಸುನ್